ಗಾಳಿ ಬದಲಾಗುವ ತನಕ

ಜನವರಿ 27, ಸೋಮವಾರ. ಅಂಗಡಿ, ನಾರಾಯಣಪೇಟೆ

ಬೆಳಿಗ್ಗೆಯಿಂದ ಬರೀ ಪಾರ್ಸೆಲ್ಲು. ಕಲಬುರಗಿಗೆ ಎರಡು ಸೀರೆ, ಪುಣೆಗೆ ಒಂದು. ಪುಣೆಯವಳು ಕೇಳಿದ್ದು ಕುಂಕುಮ ಬಣ್ಣಕ್ಕೆ ಹಸಿರು ಅಂಚು. ತಮ್ಮ ಮೌನೇಶ ಮಡಚಿಟ್ಟದ್ದು ನೇರಳೆಗೆ ಹಸಿರು. ಕವರ್ ಹರಿದು ಮತ್ತೆ ಹಾಕಿದ್ದಾಯಿತು. ಬೈದರೆ ನಗುತ್ತಾನೆ. "ಅಕ್ಕಾ, ಅಂಚು ಹಸಿರೇ ಐತಲ್ಲ?" ಅಪ್ಪ ಹೋದ ಮೇಲೆ ಅಂಗಡಿ ಇವನ ಕೈಗೆ ಬಂದಿದೆ. ನಗು ಮಾತ್ರ ಶಾಲೆ ಹುಡುಗನದೇ.

ನಮ್ಮ ಮನೆಯವರ ಫೋನ್ ಇಲ್ಲ. ಕೊನೆಯ ಮೆಸೇಜು ಸಂಕ್ರಾಂತಿಯ ಮಾರನೆಯ ದಿನ — "ನಾಳೆಯಿಂದ ಫೋನ್ ಇರೂದಿಲ್ಲ ಗಂಗಾ." ಅಷ್ಟೇ. ಎಲ್ಲಿಗೆ, ಎಷ್ಟು ದಿನ, ಕೇಳುವ ಹಾಗಿಲ್ಲ. ಕೇಳಿದರೂ ಅವರಿಗೇ ಗೊತ್ತಿರುವುದಿಲ್ಲವಂತೆ. ನೀರಿನ ಕೆಳಗೆ ಎಲ್ಲೋ ಇದ್ದಾರೆ — ಇಷ್ಟು ಮಾತ್ರ ಗೊತ್ತು.

ಬಾಜೂ ಅಂಗಡಿಯ ಶಿವಯ್ಯ ಕಾಕಾ ಇವತ್ತೂ ಕೇಳಿದರು. "ಪ್ರಸಾದ್ ಅಳಿಯಾರು ಹಡಗಿನಾಗೇ ಅದಾರೇನವ್ವ?" ಹಡಗಿನಲ್ಲೇ ಕಾಕಾ, ಆದರೆ ಮುಳುಗಿದ ಹಡಗು ಅಂದೆ. ಅವರ ಮುಖ ಬಿಳುಚಿಕೊಂಡಿತು. ಸಬ್‌ಮರೀನ್ ಅಂದರೆ ಬೇಕಂತಲೇ ಮುಳುಗುವುದು, ಮತ್ತೆ ಏಳುತ್ತದೆ ಅಂತ ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಮನೆಗೆ ಹೋಗುವ ಮಕ್ತಲ್ ಬಸ್ಸು ಹೋಯಿತು.

ಫೆಬ್ರವರಿ 4, ಮಂಗಳವಾರ. ಮಕ್ತಲ್

ಊಟಕ್ಕೆ ಕೂತಾಗ ಮೌನೇಶ ಫೋನಿನಲ್ಲಿ ಯಾವುದೋ ವಿಡಿಯೋ ನೋಡುತ್ತಿದ್ದ. "ಅಕ್ಕಾ, ಭಾವಗ ಗಾಳಿ ಎಲ್ಲಿಂದ ಬರ್ತೈತಿ? ಪೈಪ್ ಇರ್ತೈತೇನು?"

ನನಗೆ ಗೊತ್ತಿದ್ದಷ್ಟು ಹೇಳಿದೆ. ಮದುವೆಯಾದ ಹೊಸದರಲ್ಲಿ ವೈಜಾಗಿನ ಕ್ವಾರ್ಟರ್ಸಿನಲ್ಲಿ ಇವರು ಹೇಳಿದ್ದು. ಪೈಪು ಇದೆ, ಆದರೆ ಅದು ಎಂಜಿನ್ನಿಗೆ. ಡೀಸೆಲ್ ಎಂಜಿನ್ನಿಗೂ ಉಸಿರು ಬೇಕು. ನೀರಿನ ಮೇಲ್ಮೈ ಹತ್ತಿರ ಬಂದು, ಪೈಪು ಮಾತ್ರ ಹೊರಗೆ ಚಾಚಿ, ಎಂಜಿನ್ ಓಡಿಸಿ, ಬ್ಯಾಟರಿ ತುಂಬಿಸಿಕೊಂಡು ಮತ್ತೆ ಕೆಳಗೆ. ಒಳಗಿನ ಗಾಳಿ ಬದಲಾಗುವುದೂ ಆಗಲೇ. ಅಲೆ ಬಂದರೆ ಪೈಪಿನ ಬಾಯಿ ಮುಚ್ಚಿಕೊಳ್ಳುತ್ತದೆ. ಆಗ ಎಂಜಿನ್ನು ಒಳಗಿನ ಗಾಳಿಯನ್ನೇ ಹೀರುತ್ತದೆ, ಎಲ್ಲರ ಕಿವಿ ಟಪ್ಪೆನ್ನುತ್ತದೆ. ಉಳಿದ ಹೊತ್ತೆಲ್ಲ ಮುಚ್ಚಿದ ಡಬ್ಬಿ. ಅಷ್ಟು ಜನ, ಅದೇ ಗಾಳಿ.

"ಅದೇ ಗಾಳೀನ ಎಷ್ಟೊತ್ತು ತಗೊಳ್ಳಾಕ ಆಗ್ತೈತಿ?"

ಭಾವ ಬಂದ ಮೇಲೆ ಅವರನ್ನೇ ಕೇಳು ಅಂದೆ. ಹೇಳಿ ಎದ್ದವಳೇ ಕಿಟಕಿ ತೆರೆದೆ. ಧೂಳು. ಮುಚ್ಚಿದೆ. ಮತ್ತೆ ತೆರೆದೆ. ಅವ್ವ ನೋಡಿ, "ಕಿಟಕಿ ಏನು ತಪ್ಪ ಮಾಡೈತಿ ನಿನಗ?" ಅಂದಳು.

ಫೆಬ್ರವರಿ 13, ಗುರುವಾರ

ಫೋನ್!! ಗಿರಾಕಿ ಎದುರಿಗೇ ಸೀರೆ ಬಿಟ್ಟು ಹೊರಗೆ ಓಡಿದೆ. ದಂಡೆಗೆ ಬಂದಿದ್ದಾರೆ. ಆರಾಮ. ಒಂದು ತಿಂಗಳಿಗೂ ಹೆಚ್ಚು ರಜೆ ಸಿಕ್ಕಿದೆ. ಸಂತೋಷಕ್ಕೋ ಏನೋ, ಸರೀ ಬೈದುಬಿಟ್ಟೆ. ಅವರು ಸುಮ್ಮನೆ ಕೇಳಿಸಿಕೊಂಡರು. "ಬೈ, ಬೈ. ಭಾಳ ದಿನ ಆಗಿತ್ತು."

ಫೆಬ್ರವರಿ 19, ಬುಧವಾರ. ಮಕ್ತಲ್

ಬಂದು ಎರಡು ದಿನ. ಬಟ್ಟೆಗಳನ್ನು ಮೂರು ಸಲ ಒಗೆದೆ, ಡೀಸೆಲ್ ವಾಸನೆ ಹೋಗುತ್ತಿಲ್ಲ. ಅವರಿಗೆ ಅದು ವಾಸನೆಯೇ ಅಲ್ಲವಂತೆ.

ಒಂದು ಕಡೆ ಕೂರುವುದಿಲ್ಲ. ಮಾಳಿಗೆ ಹತ್ತುತ್ತಾರೆ, ಇಳಿಯುತ್ತಾರೆ. ಮನೆಯೊಳಗೆ ಕಾಲಿಟ್ಟಾಗೆಲ್ಲ ಮೂಗು ಮೇಲೆತ್ತಿ ಒಮ್ಮೆ ಗಾಳಿ ನೋಡುತ್ತಾರೆ, ನಾವು ಸಾರಿನ ಉಪ್ಪು ನೋಡಿದ ಹಾಗೆ. ಅವ್ವ ದೇವರ ಕೋಣೆಯಲ್ಲಿ ಬಾಗಿಲು ಹಾಕಿ ಲೋಬಾನ ಹಚ್ಚಿದ್ದಳು. ಹೋಗಿ ಬಾಗಿಲು ತೆರೆದರು. ಅವ್ವ ಹಾಕಿದಳು. ಇವರು ತೆರೆದರು. "ಅಳಿಯಾರ, ದೇವರಿಗೆ ಉಸಿರು ಕಟ್ಟೂದಿಲ್ರಿ," ಅಂದಳು ಅವ್ವ. ಇವರು ನಕ್ಕರು. ಬಾಗಿಲು ಮಾತ್ರ ಬಿಡಲಿಲ್ಲ.

ಫ್ಯಾನು ನಿಂತರೆ ಮುಗಿಯಿತು. ಕರೆಂಟು ಹೋದ ಕೂಡಲೇ ಧಡಕ್ಕನೆ ಎದ್ದು ನಿಲ್ಲುತ್ತಾರೆ. ಅಲ್ಲಿ ಫ್ಯಾನಿನ ಸದ್ದು ನಿಂತರೆ ಏನೋ ಆಗಿದೆ ಎಂದು ಅರ್ಥವಂತೆ. ಇಲ್ಲಿ ನಿಂತರೆ ಲೈನ್‌ಮನ್ ಊಟಕ್ಕೆ ಹೋಗಿದ್ದಾನೆ ಎಂದು ಅರ್ಥ — ಅಂದೆ.

ಫೆಬ್ರವರಿ 22, ಶನಿವಾರ

ಮೌನೇಶ ಇವರನ್ನು ಬಿಟ್ಟು ಕದಲುವುದಿಲ್ಲ. ಊಟದ ತಟ್ಟೆ ಒಣಗುವ ತನಕ ಪ್ರಶ್ನೆ.

"ಭಾವ, ಆಕ್ಸಿಜನ್ ಖಾಲಿ ಆದ್ರ?"

"ಅದು ಖಾಲಿ ಆಗೂದಕಿಂತ ಮೊದ್ಲ ಬ್ಯಾರೆ ತ್ರಾಸ ಐತಿ. ನಾವ ಹೊರಗ ಬಿಟ್ಟ ಉಸಿರು. ಅದನ್ನ ತೆಗೀಬೇಕು. ಇಲ್ಲಂದ್ರ ಅದು ನಮ್ಮನ್ನ ತೆಗೀತೈತಿ."

"ತೆಗಿಯೂದು ಹೆಂಗ?"

"ಸುಣ್ಣದಂಥ ಹರಳು, ಡಬ್ಬಿಯಾಗ ತುಂಬಿರ್ತೈತಿ. ಒಳಗಿನ ಗಾಳೀನ ಫ್ಯಾನ್ ಹಚ್ಚಿ ಅದರಾಗಿಂದ ಓಡಸ್ತೀವಿ. ಕೆಟ್ಟದ್ದನ್ನ ಅದು ಹಿಡ್ಕೊಂತೈತಿ. ಮೀಟರ್ ನೋಡೂದು, ಡಬ್ಬಿ ಬದಲ ಮಾಡೂದು — ಅದ ನನ್ನ ಡ್ಯೂಟಿ. ಆಕ್ಸಿಜನ್ ಬಾಟ್ಲಿಯಾಗ ಇರ್ತೈತಿ. ಅದು ಸಾಲದಿದ್ರ ಒಂದು ನಮೂನಿ ಬತ್ತಿ. ಹೊತ್ತಿಸಿದ್ರ ಆಕ್ಸಿಜನ್ ಕೊಡ್ತೈತಿ."

"ಬತ್ತಿ ಆಕ್ಸಿಜನ್ ತಿಂತೈತಿ ಅಂತ ಸಾಲಿಯಾಗ ಹೇಳ್ಯಾರ. ನನ್ನ ಹುಚ್ಚ ಮಾಡಬ್ಯಾಡ್ರಿ."

"ಮೇಣದ್ದಲ್ಲೋ. ಉಪ್ಪಿನಂಥ ಮದ್ದು. ಕಾದರ ಗಾಳಿ ಬಿಡ್ತೈತಿ."

"ಹಂಗಾರ ಭಾಳಷ್ಟು ಬಿಟ್ಕೊಂಡು ಆರಾಮ ಇರಾಕ ಏನು?"

"ಜಾಸ್ತಿ ಆದ್ರ ಸಣ್ಣ ಕಿಡಿಗೂ ಭಗ್ ಅಂತೈತಿ. ಅದಕ ಇಲ್ಲಿಗಿಂತ ಒಂಚೂರು ಕಮ್ಮೀನ ಇಡ್ತೀವಿ."

ಕೆಟ್ಟ ಗಾಳಿ ಹೆಚ್ಚಾದರೆ ಗೊತ್ತಾಗುತ್ತದೆಯೇ ಎಂದು ಕೇಳಿದ್ದು ನಾನು. ಇವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ವಾಸನಿ ಇಲ್ಲ, ಬಣ್ಣ ಇಲ್ಲ. ತಲಿ ನೋಯ್ತೈತಿ, ದಮ್ಮು ಹತ್ತತೈತಿ. ಆಮ್ಯಾಲ ನಿದ್ದಿ ಬಂದಂಗ ಆಗ್ತೈತಿ." ಎದ್ದು ಮಾಳಿಗೆ ಹತ್ತಿದರು.

ಫೆಬ್ರವರಿ 26, ಶಿವರಾತ್ರಿ. ಗದ್ವಾಲ್

ಅತ್ತೆ ಮಾವನ ಮನೆ. ಉಪವಾಸ. ಮಧ್ಯಾಹ್ನ ಇಬ್ಬರೇ ನದಿಯ ಕಡೆ ಹೋದೆವು. ನೀರು ಕಡಿಮೆ, ಬಂಡೆಗಳೇ ಹೆಚ್ಚು. ಅಲ್ಲಿ ತಾವಾಗಿ ಮಾತು ತೆಗೆದರು.

ಹೋದ ವರ್ಷವೋ ಅದರ ಹಿಂದೆಯೋ — ಯಾವಾಗ ಎಂದು ಹೇಳಲಿಲ್ಲ — ಮೇಲೆ ಹಡಗುಗಳ ಓಡಾಟ ಇತ್ತಂತೆ. ಪೈಪು ಹೊರಗೆ ಹಾಕುವ ಹಾಗಿರಲಿಲ್ಲ. ಕೆಳಗೇ ಇರಬೇಕಾಯಿತು, ಅಂದುಕೊಂಡಿದ್ದಕ್ಕಿಂತ ಹೆಚ್ಚು ಹೊತ್ತು. ಕೆಲಸವಿಲ್ಲದವರು ಮಲಗಿ, ಮಾತಾಡಬೇಡಿ ಎಂದು ಹುಕುಂ. ಮಾತಾಡಿದರೆ ಉಸಿರು ಹೆಚ್ಚು ಖರ್ಚು. ಅಷ್ಟು ಜನ ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿದ್ದಾರೆ. ಇವರು ಮಾತ್ರ ಮೀಟರ್ ಮುಂದೆ. "ಮುಳ್ಳು ಏರತಿತ್ತು ಗಂಗಾ. ಎಲ್ಲಾರೂ ಮೀಟರ್ ನೋಡ್ತಿರಲಿಲ್ಲ, ನನ್ನ ಮಾರಿ ನೋಡ್ತಿದ್ರು. ಮಾರಿ ಹೆಂಗ ಇಟ್ಕೋಬೇಕು ಅನ್ನೂದ ದೊಡ್ಡ ಕೆಲಸ ಆಗಿತ್ತು."

ಕೇಳಿದೆ: ಬಿಟ್ಟು ಬರ್ತೀರೇನು? ಹದಿನೈದು ವರ್ಷದ ಕರಾರು ಡಿಸೆಂಬರಿಗೆ ಮುಗಿಯುತ್ತದೆ. ಮುಂದುವರಿಸುವುದಾದರೆ ಈಗ ಸಹಿ ಹಾಕಬೇಕು. ಮೌನೇಶ ಗದ್ವಾಲಿನಲ್ಲಿ ಇನ್ನೊಂದು ಅಂಗಡಿ ಹಾಕೋಣ, ಭಾವ ನೋಡಿಕೊಳ್ಳಲಿ ಎನ್ನುತ್ತಿದ್ದಾನೆ.

"ಬರ್ತೀನಿ," ಅಂದರು.

ಉಪವಾಸಕ್ಕೋ ಏನಕ್ಕೋ, ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಾರ್ಚ್ 7, ಶುಕ್ರವಾರ. ಮಕ್ತಲ್

ಹಿತ್ತಲಲ್ಲಿ ಎರಡು ಕೋಣೆಗೆ ಪಾಯ ತೋಡುತ್ತಿದ್ದಾರೆ. ಮೇಸ್ತ್ರಿ ಸಾಯಣ್ಣನ ಗುದ್ದಲಿ ಚಪ್ಪಡಿ ಕಲ್ಲಿಗೆ ತಾಗಿತು. ಸರಿಸಿದರೆ ಹಗೇವು. ಅಜ್ಜನ ಕಾಲದಲ್ಲಿ ಜೋಳ ತುಂಬಿಡುತ್ತಿದ್ದದ್ದು. ನೆಲದೊಳಗೆ ಎರಡಾಳು ಆಳ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ತಳದಲ್ಲಿ ಹಳೆಯ ಜೋಳ ಇನ್ನೂ ಇದೆ, ನೀರು ಇಳಿದು ಕೊಳೆತು ಕಪ್ಪಾಗಿದೆ. ಹೆಂಡದ ಹಾಗೆ ಹುಳಿ ವಾಸನೆ. ನಾಡಿದ್ದು ಮಣ್ಣು ತುಂಬಿ ಮುಚ್ಚುವುದು ಎಂದಾಯಿತು.

ಮಾರ್ಚ್ 11, ಮಂಗಳವಾರ. ಮಹಬೂಬನಗರ, ಆಸ್ಪತ್ರೆ

ಮೌನೇಶ ಇದ್ದಾನೆ. ಇದ್ದಾನೆ ಅಷ್ಟೇ. ಮೆಷಿನ್ನು ಉಸಿರಾಡುತ್ತಿದೆ, ಅವನ ಎದೆ ಏಳುತ್ತದೆ, ಇಳಿಯುತ್ತದೆ.

ಬರೆಯಲಾರೆ.

ಮಾರ್ಚ್ 13, ಗುರುವಾರ. ಆಸ್ಪತ್ರೆ

ಬರೆಯದಿದ್ದರೂ ತಲೆಯೊಳಗೆ ಅದೇ ತಿರುಗುತ್ತದೆ. ಬರೆದುಬಿಡುತ್ತೇನೆ.

ಶನಿವಾರ. ಇವರು ಇನ್ನಷ್ಟು ಸಿಮೆಂಟು ಹೇಳಲು ಬೈಕ್ ತೆಗೆದುಕೊಂಡು ಬಜಾರಿಗೆ ಹೋದರು. ಹೋಗುವಾಗ ಹಗೇವಿನ ಕಡೆ ಕೈ ತೋರಿಸಿ ಹೇಳಿದರು, "ಅದರಾಗ ಯಾರೂ ಇಳಿಯೂದು ಬ್ಯಾಡ." ಮೌನೇಶ ಹೂಂ ಅಂದ. ಬರೀ ಬಗ್ಗಿ ನೋಡಿದ, ಟಾರ್ಚ್ ಹಾಕಿ. ಕೈ ಜಾರಿ ಫೋನ್ ಒಳಗೆ ಬಿತ್ತು. ಟಾರ್ಚ್ ಇನ್ನೂ ಉರಿಯುತ್ತಿತ್ತು, ಮೇಲಿನಿಂದಲೇ ಕಾಣುತ್ತಿತ್ತು. "ಇಲ್ಲೇ ಐತಲ್ಲ," ಅಂದ. ಏಣಿ ಇಳಿಸಿದ. ನಾನು ಅಡಿಗೆಮನೆ ಬಾಗಿಲಲ್ಲಿ ಶೇಂಗಾ ಹಸನು ಮಾಡುತ್ತಿದ್ದೆ. ಬ್ಯಾಡೋ ಅಂದೆ. "ಈಗ ಬಂದೆ ತಡಿ," ಅಂದ.

ಕೂಗಲಿಲ್ಲ. ಕಿರುಚಲಿಲ್ಲ. ಚೀಲ ಬಿದ್ದ ಸದ್ದು, ಅಷ್ಟೇ.

ಓಡಿ ಹೋಗಿ ನೋಡಿದೆ. ಟಾರ್ಚಿನ ಬೆಳಕು ಅವನ ಕೈ ಮೇಲೆ. ಬೆರಳು ಅಲ್ಲಾಡಿದ ಹಾಗಿತ್ತು. ಹಗೇವಿನ ಬಾಯಲ್ಲಿ ಕೂತು ಕಾಲು ಇಳಿಬಿಟ್ಟೆ. ಕಾಲಿಗೆ ಏಣಿ ಸಿಕ್ಕಿತು. ಸೊಂಟದ ತನಕ ಇಳಿದಿದ್ದೆ. ಆಗ ಜಡೆ ಹಿಡಿದು ಯಾರೋ ಜಗ್ಗಿದರು. ಉಸುಕಿನ ಗುಡ್ಡೆ ಮೇಲೆ ಹೋಗಿ ಬಿದ್ದೆ. ಇವರು. ಬೈಕ್ ಅಡ್ಡ ಬಿದ್ದಿತ್ತು, ಗಾಲಿ ಇನ್ನೂ ತಿರುಗುತ್ತಿತ್ತು.

ಅಷ್ಟರಲ್ಲಿ ಸಾಯಣ್ಣ ಒಂದು ಕಾಲು ಒಳಗಿಟ್ಟಿದ್ದ. ಇವರು ಅವನ ಕಾಲರ್ ಹಿಡಿದು ಎಳೆದರು, ಅಂಗಿ ಹರಿಯಿತು. "ಯಾರೂ ಇಳೀಬ್ಯಾಡ್ರಿ! ಇಳಿದವರು ಮ್ಯಾಲ ಬರೂದಿಲ್ಲ!" ಇವರಿಗೆ ಅಂಥ ದನಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ.

ಅವ್ವ ಕಾಲಿಗೆ ಬಿದ್ದಳು. "ಅಳಿಯಾರ, ನನ್ನ ಮಗ ರೀ… ನನ್ನ ಮಗ ಅದಾನ ರೀ ಒಳಗ." ಅವಳನ್ನು ದಾಟಿಕೊಂಡು ಮನೆಯೊಳಗೆ ಹೋದರು. ದಾಟಿಕೊಂಡು. ಕೂಲರ್ ಎಳೆದುಕೊಂಡು ಬಂದರು, ನೀರು ಚೆಲ್ಲುತ್ತ. ಸಿಮೆಂಟ್ ಚೀಲದ ಮೇಲಿನ ತಾಡಪತ್ರಿ ಕಿತ್ತು, ಕೊಳವೆಯ ಹಾಗೆ ಸುತ್ತಿ, ಒಂದು ತುದಿ ಕೂಲರ್ ಬಾಯಿಗೆ ಕಟ್ಟಿ, ಇನ್ನೊಂದನ್ನು ಹಗೇವಿನ ತಳದ ತನಕ ಇಳಿಸಿದರು. "ಸಾಯಣ್ಣ, ವೈರು!" ಕೂಲರ್ ತಳಕ್ಕೆ ಗಾಳಿ ಹೊಡೆಯತೊಡಗಿತು.

ಆಮೇಲೆ ನಿಂತರು.

ಅದೇ. ನಿಂತರು. ಒಲೆಯ ಮೇಲಿನ ಹಾಲು ನೋಡುತ್ತ ನಿಂತ ಹಾಗೆ. ನನ್ನ ತಮ್ಮ ಒಳಗೆ, ಅವ್ವ ಎದೆ ಬಡಿದುಕೊಳ್ಳುತ್ತಿದ್ದಾಳೆ, ಇವರು ನಿಂತಿದ್ದಾರೆ.

ಅವ್ವನ ತಮ್ಮ ಮಲ್ಲಣ್ಣ ಮಾಮ ದಾಮರಗಿದ್ದದಿಂದ ಬಂದು ಅಂದು ನಮ್ಮಲ್ಲೇ ಇದ್ದರು. ವೆಲ್ಡಿಂಗ್ ಅಂಗಡಿಗೆ ಓಡಿ ಆಕ್ಸಿಜನ್ ಸಿಲಿಂಡರ್ ಹೊರಿಸಿಕೊಂಡು ಬಂದರು. ಇವರು ಅಡ್ಡ ನಿಂತರು. "ಅದು ಬ್ಯಾಡ. ಒಂದು ಕಿಡಿ ಸಾಕು, ಸುಟ್ಟು ಹೋಗ್ತಾನ." ಮಾಮ ಬೈದರು. ಅಂಥ ಬೈಗುಳ ಬರೆಯುವುದಿಲ್ಲ. ಇವರು ತಿರುಗಿ ನೋಡಲಿಲ್ಲ. ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟರು. ಆರಿತು. ಎಳೆದು, ಹಚ್ಚಿ, ಮತ್ತೆ ಬಿಟ್ಟರು. ಆರಿತು. "ಇನ್ನಾ ಇಲ್ಲ," ಅಂದರು, ತಮಗೆ ತಾವೇ. ಮುಂದಿನ ಸಲ ಉರಿಯಿತು. ತಳದ ತನಕ ಉರಿಯಿತು. ಆಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಸಾಯಣ್ಣನ ಕೈಗೆ ತುದಿ ಕೊಟ್ಟು ಇಳಿದರು.

ಮೌನೇಶನನ್ನು ಮೇಲೆ ತಂದಾಗ ಮುಖ ಮಣ್ಣಿನ ಬಣ್ಣ. ಉಸುಕಿನ ಮೇಲೆ ಮಲಗಿಸಿ ಇವರು ಬಾಯಿಗೆ ಬಾಯಿಟ್ಟು ಉಸಿರು ತುಂಬಿದರು. ಆಂಬುಲೆನ್ಸು ಬರುವ ತನಕ ಬಿಡಲಿಲ್ಲ.

ಎಷ್ಟು ಹೊತ್ತು ಕಾಯಿಸಿದರು? ಮಲ್ಲಣ್ಣ ಮಾಮ ಅರ್ಧ ತಾಸು ಅನ್ನುತ್ತಾರೆ. ಸಾಯಣ್ಣ ಒಂದು ಬೀಡಿ ಸೇದುವಷ್ಟು ಅನ್ನುತ್ತಾನೆ. ನನಗೆ ಗೊತ್ತಿಲ್ಲ. ನನಗೆ ಅದು ಇನ್ನೂ ಮುಗಿದಿಲ್ಲ.

ಮಾರ್ಚ್ 15, ಶನಿವಾರ. ಆಸ್ಪತ್ರೆ

ವರಾಂಡದಲ್ಲಿ ನೆಂಟರು. ಬಂದವರಿಗೆಲ್ಲ ಮಾಮ ಅದೇ ಕಥೆ ಹೇಳುತ್ತಾರೆ. "ಮಿಲ್ಟ್ರಿಯಾಂವಂತ. ಕೂಲರ್ ಹಚ್ಚಿ ನಿಂತಾನ್ರೀ. ಹೊತ್ತಿಗೆ ಸರಿ ಇಳಿದಿದ್ರ ಹುಡುಗ ಇವತ್ತು ಎದ್ದು ಕುಂದರತಿದ್ದ." ಇವರು ನಾಲ್ಕು ಹೆಜ್ಜೆ ದೂರದ ಬೆಂಚಿನ ಮೇಲೆ ಕೂತಿದ್ದಾರೆ. ಕೇಳಿಸುತ್ತದೆ. ಔಷಧಿ ಚೀಟಿ ಹಿಡಿದು ಎದ್ದು ಹೋಗುತ್ತಾರೆ, ತರುತ್ತಾರೆ, ಕೂರುತ್ತಾರೆ. ಅವ್ವ ಅವರ ಜೊತೆ ಮಾತು ಬಿಟ್ಟಿದ್ದಾಳೆ. ಬೈಯುವುದೂ ಇಲ್ಲ. ಅವರು ತಂದ ಚಹಾ ಕುಡಿಯುವುದಿಲ್ಲ.

ಮಧ್ಯಾಹ್ನ ಮೆಟ್ಟಿಲ ಹತ್ತಿರ ನಾನೇ ಕೇಳಿದೆ. ಕೇಳದೆ ಇರಲಾಗಲಿಲ್ಲ.

"ಒಳಗ ನಾನು ಬಿದ್ದಿದ್ರ?"

ಅವರು ತಕ್ಷಣ ಹೇಳಿದರು. ಒಂದು ಕ್ಷಣವೂ ಯೋಚಿಸಲಿಲ್ಲ. "ಆಗೂ ಕೂಲರ್ ತರತಿದ್ದೆ."

"ನಿಂದರತಿದ್ರಿ?"

"ನಿಂದರತಿದ್ದೆ."

ಸುಳ್ಳು ಹೇಳಬಹುದಿತ್ತಲ್ಲ. ಒಂದು ಸುಳ್ಳು. ಕೆಳಗೆ ಇಳಿದು ಬಂದುಬಿಟ್ಟೆ. ರಸ್ತೆಯಲ್ಲಿ ಎಲ್ಲಿಗೆ ಹೋಗುತ್ತಿದ್ದೇನೆ ಎಂದು ತಿಳಿಯದೆ ಬಸ್ ಸ್ಟ್ಯಾಂಡ್ ತನಕ ನಡೆದೆ. ಮತ್ತೆ ವಾಪಸು.

ಮಾರ್ಚ್ 17, ಸೋಮವಾರ

ಮೆಷಿನ್ ತೆಗೆದರು. ತಾನೇ ಉಸಿರಾಡುತ್ತಿದ್ದಾನೆ. ಕಣ್ಣು ಬಿಟ್ಟ. ಅವ್ವನನ್ನು ನೋಡಿದ, ನನ್ನನ್ನು ನೋಡಿದ. ಬಾಯಿ ತೆರೆದ. ಮಾತು ಬರಲಿಲ್ಲ. ಬಲಗೈ ಏಳುತ್ತಿಲ್ಲ. ಡಾಕ್ಟರು ಹೇಳಿದರು: ಸುಧಾರಿಸುತ್ತದೆ, ಎಷ್ಟು ಸುಧಾರಿಸುತ್ತದೆ ಎಂದು ಈಗ ಹೇಳಲಾಗದು. ಹಗೇವಿನಿಂದ ಮೊದಲೇ ತೆಗೆದಿದ್ದರೆ? ಅದೂ ಹೇಳಲಾಗದಂತೆ.

ಸಾಯಣ್ಣ ಬಾಳೆಹಣ್ಣು ತಂದಿದ್ದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಇವರನ್ನು ಕಂಡು ಕೈ ಮುಗಿದ. "ಅಂಗಿ ಹೊಲಿದಾಳ್ರಿ ನನ್ನ ಹೆಂಡ್ತಿ," ಅಂದ. "ಹೊಲಿಯೂತನಕ ಅಳಾಕ ಹತ್ತಿದ್ಲು." ಇವರು ಅವನ ಭುಜ ಒಮ್ಮೆ ಒತ್ತಿದರು.

ಮಾರ್ಚ್ 20, ಗುರುವಾರ. ಮಕ್ತಲ್

ಬಟ್ಟೆ ಒಗೆದು ಒಯ್ಯಲು ಅವ್ವ ನಾನು ಇಬ್ಬರೇ ಊರಿಗೆ ಬಂದೆವು. ನಾಳೆ ಹಗೇವು ಮುಚ್ಚುತ್ತಾರೆ. ಈಗ ಮೇಲೆ ಹಲಗೆ ಹೊದಿಸಿದ್ದಾರೆ.

ಬಟ್ಟೆ ಹಿಂಡುತ್ತ ಅದನ್ನೇ ನೋಡುತ್ತಿದ್ದೆ. ತಡೆಯಲಾಗಲಿಲ್ಲ. ದೇವರ ಕೋಣೆಯಿಂದ ಹಣತೆ ತಂದು, ಎಣ್ಣೆ ಹಾಕಿ, ಹಳೆಯ ಡಬ್ಬಿಯೊಳಗಿಟ್ಟು ದಾರ ಕಟ್ಟಿದೆ. ಒಂದು ಹಲಗೆ ಸರಿಸಿ, ನೆಲಕ್ಕೆ ಮಲಗಿ, ಮುಖ ದೂರ ಇಟ್ಟು ಇಳಿಸಿದೆ.

ಮೊಳ ಇಳಿಯಿತು. ಉರಿಯುತ್ತಿತ್ತು. ಇನ್ನೊಂದು ಮೊಳ. ಆರಿತು.

ಗಾಳಿ ಬೀಸಲಿಲ್ಲ. ದೀಪ ಅಲುಗಾಡಲಿಲ್ಲ. ಯಾರೋ ಅಂಗೈ ಮುಚ್ಚಿದ ಹಾಗೆ — ಇತ್ತು, ಇಲ್ಲ. ಮತ್ತೆ ಹಚ್ಚಿದೆ. ಅದೇ ಜಾಗದಲ್ಲಿ ಆರಿತು. ಮತ್ತೆ. ಅದೇ ಜಾಗ. ನೀರಿನಲ್ಲಿ ಅದ್ದಿದ ಹಾಗೆ ಅಲ್ಲೊಂದು ಗೆರೆ ಇದೆ, ಕಣ್ಣಿಗೆ ಕಾಣುವುದಿಲ್ಲ. ಕೊಳೆತ ಜೋಳ ಮತ್ತೆ ಕೆಟ್ಟ ಗಾಳಿ ತುಂಬಿಸಿಟ್ಟಿದೆ.

ಅಂದು ನನ್ನ ಕಾಲು ಅಲ್ಲಿತ್ತು. ಇನ್ನು ನಾಲ್ಕೈದು ಮೆಟ್ಟಿಲು ಇಳಿದಿದ್ದರೆ ಮೂಗು ಅಲ್ಲಿರುತ್ತಿತ್ತು. ನನ್ನ ಹಿಂದೆ ಸಾಯಣ್ಣ, ಅವನ ಹಿಂದೆ ಮಾಮ, ಅವರ ಹಿಂದೆ ಅವ್ವ. ಒಬ್ಬರ ಮೇಲೊಬ್ಬರು.

ಎದ್ದು ತಿರುಗಿದರೆ ಅವ್ವ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ. ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡಳು. ತಾನೇ ದೀಪ ಹಚ್ಚಿ ತಾನೇ ಇಳಿಸಿದಳು. ಆರಿತು. ದಾರ ಕೈಯಲ್ಲೇ ಹಿಡಿದು ಬಹಳ ಹೊತ್ತು ಕೂತಳು. ಹೊಗೆ ಕೂಡ ಮೇಲೆ ಬರಲಿಲ್ಲ. ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು.

ಮಾರ್ಚ್ 22, ಶನಿವಾರ. ಆಸ್ಪತ್ರೆ

ಮೌನೇಶ ಇವತ್ತು "ನೀ…ರು" ಅಂದ. ಇವರು ಕುಡಿಸಿದರು. ಮೌನೇಶ ಎಡಗೈಯಿಂದ ಅವರ ಬೆರಳು ಹಿಡಿದುಕೊಂಡು ಬಿಡಲೇ ಇಲ್ಲ. ಅವನಿಗೆ ಆ ಶನಿವಾರದ್ದು ಏನೂ ನೆನಪಿಲ್ಲ.

ನಾಡಿದ್ದು ರಜೆ ಮುಗಿಯುತ್ತದೆ. ಇವರು ಹೇಳಿದರು, "ಸಹಿ ಹಾಕ್ತೀನಿ ಗಂಗಾ. ಇನ್ನೂ ಐದು ವರ್ಷ."

"ನದಿ ದಂಡ್ಯಾಗ ಏನು ಹೇಳಿದ್ರಿ?"

"ಆವಾಗ ಬ್ಯಾರೆ ಇತ್ತು. ಈಗ ಈ ಊರಾಗ ನಾ ಯಾರ ಮನೀಗೆ ಹೋಗ್ಲಿ? ಎಲ್ಲಾರೂ ನನ್ನ ಮಾರಿ ನೋಡ್ತಾರ. ಅಲ್ಲಿ ಬ್ಯಾಡ ಅಂದ್ರ ಬ್ಯಾಡ. ಯಾಕ ಅಂತ ಯಾರೂ ಕೇಳೂದಿಲ್ಲ."

ನಾನು ದೀಪದ ಮಾತು ಹೇಳಿದೆ. ಎಲ್ಲಿ ಆರಿತು, ಹೇಗೆ ಆರಿತು. ಸಮಾಧಾನ ಆಗಲಿ ಎಂದು ಹೇಳಿದ್ದು. ಅವರು ಕೆಂಪಗಾದರು. "ಒಬ್ಬಾಕೀನ ಹೋಗಿದ್ದೇನು? ಬಾಯಿ ಹತ್ರ ಮಲಗಿದ್ದೇನು? ತಲಿ ಐತೋ ಇಲ್ಲೋ ನಿನಗ!" ವರಾಂಡದಲ್ಲಿ ಎಲ್ಲರೂ ತಿರುಗಿ ನೋಡಿದರು. ಬೈಯುತ್ತ ಬೈಯುತ್ತ ದನಿ ಒಡೆಯಿತು. ಗೋಡೆಗೆ ಮುಖ ಮಾಡಿ ನಿಂತರು. ಮದುವೆಯಾಗಿ ಎರಡು ವರ್ಷ, ಅಳುವುದು ನೋಡಿರಲಿಲ್ಲ. ಅಂದು ನಿಂತಾಗ ಅವರೊಳಗೆ ಏನಿತ್ತು ಎಂದು ಇವತ್ತು ತಿಳಿಯಿತು. ಆಮೇಲೆ ಮೆಲ್ಲಗೆ ಹೇಳಿದರು — "ಬೆರಳು ಅಲ್ಲಾಡೂದು ನಾನೂ ನೋಡಿದ್ದೆ ಗಂಗಾ."

ಕೈ ಹಿಡಿದುಕೊಂಡೆ. ಮಾಮ ನೋಡಲಿ ಎಂದೇ ಹಿಡಿದುಕೊಂಡೆ.

ಮಾರ್ಚ್ 24, ಸೋಮವಾರ. ಸಂಜೆ, ಮಕ್ತಲ್

ನಿನ್ನೆ ಮೌನೇಶನನ್ನು ಮನೆಗೆ ತಂದೆವು. ಇವತ್ತು ಇವರು ಹೊರಟರು. ಹೈದರಾಬಾದಿಗೆ ಬಸ್ಸು, ಅಲ್ಲಿಂದ ರೈಲು.

ಅವ್ವ ಬೆಳಿಗ್ಗೆಯಿಂದ ಅಡಿಗೆಮನೆ ಬಿಟ್ಟು ಬಂದಿರಲಿಲ್ಲ. ಇವರು ಹೊಸ್ತಿಲಲ್ಲಿ ನಿಂತು "ಬರ್ತೀನ್ರೀ ಅತ್ತಿ" ಅಂದರು. ಒಳಗಿನಿಂದ ಒರಳಿನ ಸದ್ದು. ಅಷ್ಟೇ. ಬ್ಯಾಗು ಎತ್ತಿಕೊಂಡರು. ಬಸ್ ಸ್ಟ್ಯಾಂಡ್ ತನಕ ನಾನು ಜೊತೆಗೆ ನಡೆದೆ.

ಬಸ್ಸು ಬಂದು ನಿಂತಿತು. ಇವರು ಒಂದು ಕಾಲು ಮೇಲಿಟ್ಟಿದ್ದರು. ಆಗ ಅವ್ವ ಬಂದಳು. ಓಡಿಕೊಂಡೇ ಬಂದಿದ್ದಳು, ತಲೆಯ ಮೇಲಿನ ಸೆರಗು ಜಾರಿತ್ತು, ಕೈಯಲ್ಲಿ ರೊಟ್ಟಿಗೆಂದು ಆಗಷ್ಟೇ ಕುಟ್ಟಿದ ಶೇಂಗಾ ಹಿಂಡಿಯ ಡಬ್ಬಿ. ಡಬ್ಬಿ ಇನ್ನೂ ಬೆಚ್ಚಗಿತ್ತು. ಅವರ ಕೈಗಿಟ್ಟಳು. ಮುಖ ನೋಡಲಿಲ್ಲ, ಡಬ್ಬಿಯನ್ನೇ ನೋಡುತ್ತ ಕೇಳಿದಳು.

"ಅಲ್ಲಿ ಕೆಳಗ… ನಿಮಗ ಗಾಳಿ ಸಾಕಾಗ್ತೈತೇನ್ರಿ ಅಳಿಯಾರ?"

ಮೌನೇಶನ ಹತ್ತಿರ ಅಷ್ಟು ಹೇಳಿದವರು ಈಗ ತಲೆ ಆಡಿಸಿದರು. "ಸಾಕಾಗ್ತೈತ್ರಿ ಅತ್ತಿ."

ಕಂಡಕ್ಟರ್ ಸೀಟಿ ಊದಿದ. ಅವ್ವ ಡಬ್ಬಿ ಬಿಡಲಿಲ್ಲ. ಇಬ್ಬರ ಕೈಯೂ ಅದರ ಮೇಲೆ.

"ಸಾಲದಿದ್ರ ಮನೀಗೆ ಬಂದುಬಿಡ್ರಿ," ಅಂದಳು.

ಬಸ್ಸು ಹೋದ ಮೇಲೂ ಅಲ್ಲೇ ನಿಂತಿದ್ದಳು. ದಾರಿಯಲ್ಲಿ ಸಿಕ್ಕವರು ಮೌನೇಶನ ಬಗ್ಗೆ ಕೇಳಿದರೆ ಇವಳು ಹೇಳುತ್ತಿದ್ದಳು, "ನಮ್ಮ ಅಳಿಯಾರು ಇದ್ರು, ಹುಡುಗ ಉಳಿದ." ಪ್ರತಿಯೊಬ್ಬರಿಗೂ ಅದೇ, ಅದೇ ಮಾತು. ಮಲ್ಲಣ್ಣ ಮಾಮನಿಗೂ ಫೋನ್ ಮಾಡಿ ಹೇಳಿದಳು. ಆ ಕಡೆಯಿಂದ ಏನು ಬಂತೋ, ನಡುವೆಯೇ ಫೋನ್ ಇಟ್ಟುಬಿಟ್ಟಳು.

ಈಗ ಇವರ ಫೋನ್. ಸಿಕಂದರಾಬಾದ್ ಸ್ಟೇಷನ್ನಿಂದ. ರೈಲು ತಡ. "ಸಹಿ ಹಾಕೂದಿಲ್ಲ ಗಂಗಾ. ಡಿಸೆಂಬರಿಗೆ ಬರ್ತೀನಿ." ಅಲ್ಲಿಯ ತನಕ ಎರಡು ಸಲವಾದರೂ ಕೆಳಗೆ ಹೋಗಬೇಕಾಗುತ್ತದಂತೆ. ಅವ್ವಗ ನೀವೇ ಹೇಳ್ರಿ ಎಂದು ಫೋನ್ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಊಟ ಆಯ್ತೇನ್ರಿ, ಹಿಂಡಿ ಖಾರ ಆಗೈತೇನ್ರಿ ಎಂದು ಕೇಳುತ್ತಿದ್ದಾಳೆ. ಆ ಕಡೆಯ ಮಾತು ಇನ್ನೂ ಅವಳಿಗೆ ಮುಟ್ಟಿಲ್ಲ. ಈಗ ಕೇಳಿಸಿಕೊಳ್ಳುತ್ತಿದ್ದಾಳೆ. ಗೋಡೆ ಹಿಡಿದು ಕೂತಳು —

ಒಳಗೆ ಮೌನೇಶ ತಟ್ಟೆ ಬಡಿಯುತ್ತಿದ್ದಾನೆ, ಬಲಗೈಯಿಂದ. ಬಲಗೈಯಿಂದಲೇ. ಹೋಗಿ ನೋಡುತ್ತೇನೆ.